ಸ್ಟೀರಾಯ್ಡ್ ಮಾತ್ರೆ ನುಂಗುವವರು ಮಾಂಸಖಂಡ, ಮೂಳೆ, ಚರ್ಮ ಉಳಿಸಿಕೊಳ್ಳುವ ಬಗೆ

ಸ್ಟೀರಾಯ್ಡ್ ಮಾತ್ರೆ ಶುರುವಾಗಿ ಒಂದೆರಡು ತಿಂಗಳು ಕಳೆದವರ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಮುಖ ತುಂಬ್ಕೊಂಡು ಚೆನ್ನಾಗ್ ಕಾಣ್ತಾರೆ, ಆದ್ರೆ ಮಣೆ ಮೇಲಿಂದ ಏಳೋಕ್ಕೆ ಆಗ್ತಿಲ್ಲ." ಮುಖ ದುಂಡಗಾದದ್ದನ್ನು ಮೈ ಹಿಡಿದಿದೆ ಎಂದುಕೊಂಡು ಮನೆಯವರು ನೆಮ್ಮದಿಪಡುತ್ತಾರೆ. ಕಾಲಿನ ಸೋಲನ್ನು ವಯಸ್ಸಿಗೋ ಹಳೇ ಕಾಯಿಲೆಗೋ ಹಚ್ಚುತ್ತಾರೆ. ಎರಡೂ ಆ ಮಾತ್ರೆಯಲ್ಲಿರುವ ಒಂದೇ ಹಾರ್ಮೋನಿನ ಕೆಲಸ. ಕೆನ್ನೆ, ಹೊಟ್ಟೆ, ಕತ್ತಿನ ಹಿಂಭಾಗದಲ್ಲಿ ಕೊಬ್ಬು ಸೇರಿಸುವುದೂ ಅದೇ, ತೊಡೆಯ ಮಾಂಸಖಂಡ ಕರಗಿಸುವುದೂ ಅದೇ.

ಸಂಧಿವಾತ, ಲೂಪಸ್, ಜೋರು ಉಬ್ಬಸ, ನೆಫ್ರೋಟಿಕ್ ಸಿಂಡ್ರೋಮ್, ಪೆಂಫಿಗಸ್‌ನಂಥ ಚರ್ಮರೋಗ, ಕಿಡ್ನಿ ಕಸಿ – ಇಂಥ ಯಾವುದೇ ಕಾರಣಕ್ಕೆ ಮೂರು ವಾರಕ್ಕಿಂತ ಹೆಚ್ಚು ಕಾಲ ಪ್ರೆಡ್ನಿಸೊಲೋನ್ ಅಥವಾ ಅದರ ಬಳಗದ ಮಾತ್ರೆ ತೆಗೆದುಕೊಳ್ಳುವವರಿಗಾಗಿ ಈ ಬರಹ. ಜೀವ ಉಳಿಸುವ ಔಷಧಿ ಇದು, ಹೆದರಿ ಬಿಡುವಂಥದ್ದಲ್ಲ. ಆದರೆ ಮಾತ್ರೆ ನುಂಗುವ ಜೊತೆಗೆ ಮಾಡಬೇಕಾದ ಕೆಲಸಗಳಿವೆ. ಅವನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ ಎನ್ನುವುದೇ ತೊಂದರೆ. ಓಪಿಡಿಯ ಐದು ನಿಮಿಷದಲ್ಲಿ ಅಷ್ಟೆಲ್ಲ ಹೇಳಲು ಆಗುವುದೂ ಇಲ್ಲ.

ಒಳಗೆ ನಡೆಯುವುದೇನು

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ನಾಲ್ಕೈದು ಗ್ರಾಂ ತೂಗುವ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ಅದರ ಹೊರಪದರ ಮೂರು ಬಗೆಯ ಸ್ಟೀರಾಯ್ಡ್ ಹಾರ್ಮೋನು ತಯಾರಿಸುತ್ತದೆ: ಉಪ್ಪು ಮತ್ತು ರಕ್ತದೊತ್ತಡ ನೋಡಿಕೊಳ್ಳುವ ಆಲ್ಡೋಸ್ಟೀರಾನ್, ಸಕ್ಕರೆ-ಪ್ರೋಟೀನ್-ಕೊಬ್ಬಿನ ವಹಿವಾಟು ನಡೆಸುವ ಕಾರ್ಟಿಸೋಲ್, ಜೊತೆಗೆ ಸ್ವಲ್ಪ ಪುರುಷ ಹಾರ್ಮೋನಿನ ಕಚ್ಚಾವಸ್ತು. ಆರೋಗ್ಯವಾಗಿರುವ ದೇಹ ಮಾಮೂಲಿ ದಿನಗಳಲ್ಲಿ ಸುಮಾರು 10 ಮಿಲಿಗ್ರಾಂ ಕಾರ್ಟಿಸೋಲ್ ಬಿಡುತ್ತದೆ. ಜ್ವರ, ಅಪಘಾತ, ಆಪರೇಷನ್ ಎದುರಾದರೆ ಅದರ ಹಲವು ಪಟ್ಟು.

ನೀವು ನುಂಗುವ ಮಾತ್ರೆ ಈ ಕಾರ್ಟಿಸೋಲ್‌ನಂತೆಯೇ ಕೆಲಸ ಮಾಡುತ್ತದೆ. ಕಾರ್ಟಿಸೋಲ್ ಕಷ್ಟಕಾಲದ ಹಾರ್ಮೋನು. ಮಳೆ ಕೈಕೊಟ್ಟ ವರ್ಷ ಕಣಜಕ್ಕೆ ಕೈಹಾಕುವ ಮನೆಯ ಯಜಮಾನನಂತೆ ಅದು ವರ್ತಿಸುತ್ತದೆ: ಮೆದುಳಿಗೆ, ಹೃದಯಕ್ಕೆ ಸಕ್ಕರೆ ನಿಲ್ಲಬಾರದು, ಅದಕ್ಕಾಗಿ ಕೂಡಿಟ್ಟದ್ದನ್ನು ತೆಗೆ. ದೇಹದಲ್ಲಿ ಪ್ರೋಟೀನಿನ ದೊಡ್ಡ ಕಣಜ ಮಾಂಸಖಂಡ. ಕಾರ್ಟಿಸೋಲ್ ಅಲ್ಲಿ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ರಕ್ತದಿಂದ ಅಮೈನೋ ಆಮ್ಲಗಳು ಮಾಂಸಖಂಡದೊಳಗೆ ಹೋಗುವುದನ್ನು, ಹೊಸ ಪ್ರೋಟೀನ್ ಕಟ್ಟುವುದನ್ನು ತಗ್ಗಿಸುತ್ತದೆ. ಜೊತೆಗೆ, ಹಳೇ ಪ್ರೋಟೀನಿಗೆ ಗುರುತು ಹಚ್ಚಿ ಒಡೆದುಹಾಕುವ ಜೀವಕೋಶದ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಒಡೆದು ಬಂದ ಅಲನಿನ್, ಗ್ಲೂಟಮಿನ್ ಮುಂತಾದ ಅಮೈನೋ ಆಮ್ಲಗಳು ರಕ್ತಕ್ಕೆ ಬರುತ್ತವೆ. ಅಲನಿನ್ ನೇರ ಲಿವರ್ ಸೇರಿ ಗ್ಲೂಕೋಸ್ ಆಗುತ್ತದೆ. ಉಳಿದ ಸಾರಜನಕ ಯೂರಿಯಾ ರೂಪದಲ್ಲಿ ಮೂತ್ರಕ್ಕೆ ಹೋಗುತ್ತದೆ. ಹೆಚ್ಚಿನ ಡೋಸ್‌ನಲ್ಲಿರುವವರ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಸರಿಯಿದ್ದೂ ಯೂರಿಯಾ ತುಸು ಏರಿರುವುದಕ್ಕೆ ಇದೂ ಒಂದು ಕಾರಣ. ಕಿಡ್ನಿ ಹೋಯಿತೆಂದು ಗಾಬರಿಯಾಗದೆ ವೈದ್ಯರಿಗೆ ತೋರಿಸಿ.

ಸೋಜಿಗವೆಂದರೆ ಇದೇ ಹೊತ್ತಿನಲ್ಲಿ ಲಿವರ್ ಮಾತ್ರ ಕರಗುವುದಿಲ್ಲ, ಅಲ್ಲಿ ಪ್ರೋಟೀನ್ ತಯಾರಿ ಹೆಚ್ಚುತ್ತದೆ. ಕೊಡುವವರು ಮಾಂಸಖಂಡ, ಚರ್ಮ, ಮೂಳೆ ಮತ್ತು ರೋಗನಿರೋಧಕ ಕಣಗಳಿರುವ ಗ್ರಂಥಿಗಳು. ನಿಮ್ಮ ಕೀಲಿನ ಊತ ಇಳಿಯುವುದು ಆ ರೋಗನಿರೋಧಕ ಕಣಗಳು ತಣ್ಣಗಾಗುವುದರಿಂದ. ಬೇಕಾದ ಪರಿಣಾಮ, ಬೇಡದ ಪರಿಣಾಮ ಎರಡೂ ಒಂದೇ ಬಾಗಿಲಿಂದ ಬರುತ್ತವೆ.

ಎರಡು ದಿನದ ಕಷ್ಟಕ್ಕೆ ಇದು ಒಳ್ಳೆಯ ಏರ್ಪಾಡು. ಮಾತ್ರೆಯ ರೂಪದಲ್ಲಿ ತಿಂಗಳುಗಟ್ಟಲೆ ನಡೆದಾಗ ಕಣಜ ಬರಿದಾಗುತ್ತದೆ. ಮೆದುಳಿನ ಬುಡದಲ್ಲಿದ್ದು ಅಡ್ರಿನಲ್‌ಗೆ ಕೆಲಸದ ಸಂದೇಶ ಕಳಿಸುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಕಾರ್ಟಿಸೋಲ್ ಅತಿಯಾದವರಲ್ಲಿ ಇದೇ ಚಿತ್ರವನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ 1932ರಲ್ಲಿ ವಿವರಿಸಿದ್ದರು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತಕ್ಕೆ ಮೊದಲ ಬಾರಿ ಕಾರ್ಟಿಸೋಲ್ ಬಳಗದ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು, 1950ರಲ್ಲಿ ಇದರ ಹಿಂದಿದ್ದ ವಿಜ್ಞಾನಿಗಳಾದ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ ನೊಬೆಲ್ ಬಂತು. ಅಡ್ಡ ಪರಿಣಾಮಗಳು ಬಯಲಾಗಲೂ ತಡವಾಗಲಿಲ್ಲ.

ಹೆಜ್ಜೆ 1: ನಿಮ್ಮ ಡೋಸ್‌ನ ತೂಕ ತಿಳಿಯಿರಿ

ಮಿಲಿಗ್ರಾಂ ಸಂಖ್ಯೆ ನೋಡಿ ಮೋಸಹೋಗುವುದು ಬಹಳ. 20 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, 5 ಮಿಲಿಗ್ರಾಂ ಪ್ರೆಡ್ನಿಸೊಲೋನ್, 6 ಮಿಲಿಗ್ರಾಂ ಡಿಫ್ಲಾಜಕಾರ್ಟ್, 4 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್, 0.75 ಮಿಲಿಗ್ರಾಂ ಡೆಕ್ಸಾಮಿಥಾಸೋನ್ – ಇಷ್ಟೂ ಹೆಚ್ಚುಕಡಿಮೆ ಒಂದೇ ಶಕ್ತಿ. "ಅರ್ಧ ಮಿಲಿಗ್ರಾಂ ಮಾತ್ರೆ, ಏನೂ ಆಗಲ್ಲ" ಎಂದು ಅಂಗಡಿಯಿಂದ ತಂದು ನುಂಗುವ ಡೆಕ್ಸಾಮಿಥಾಸೋನ್ ದಿನಕ್ಕೆರಡಾದರೆ 6-7 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಆಯಿತು. ಸಾಲದ್ದಕ್ಕೆ ಡೆಕ್ಸಾಮಿಥಾಸೋನ್ ದೇಹದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ಮಾಂಸಖಂಡಕ್ಕೆ ಅದರ ಪೆಟ್ಟೂ ಹೆಚ್ಚು.

ದೇಹದ ಒಂದು ದಿನದ ಅಗತ್ಯ ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ 5 ಮಿಲಿಗ್ರಾಂ ಒಳಗೇ ಮುಗಿಯುತ್ತದೆ. ನೀವು 40 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರೆ ಅದು ಕನಿಷ್ಠ ಎಂಟು ಪಟ್ಟು. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಮುಂದೆ ಬರುವ ಊಟ, ವ್ಯಾಯಾಮ, ತಪಾಸಣೆ ಎಷ್ಟು ಬಿಗಿಯಾಗಿರಬೇಕು ಎನ್ನುವುದು ಈ ಲೆಕ್ಕದ ಮೇಲೆ ನಿಂತಿದೆ. ಮಾಂಸಖಂಡದ ಸೋಲು ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಇರುವವರಲ್ಲಿ ಅಪರೂಪ, 40ರ ಆಸುಪಾಸಿನಲ್ಲಿರುವವರಲ್ಲಿ ಕೆಲವೇ ವಾರಗಳಲ್ಲಿ ಕಾಣಬಹುದು. ಮೂಳೆ ಅಷ್ಟು ಸಹಿಸುವುದಿಲ್ಲ, 5 ಮಿಲಿಗ್ರಾಂನಂಥ ಸಣ್ಣ ಡೋಸ್ ತಿಂಗಳುಗಟ್ಟಲೆ ನಡೆದರೂ ಸವೆಯುತ್ತದೆ.

ಹೆಜ್ಜೆ 2: ಹೊತ್ತು

ದಿನಕ್ಕೊಂದೇ ಬಾರಿ ಎಂದು ಬರೆದಿದ್ದರೆ ಬೆಳಗ್ಗೆ 8ರ ಸುಮಾರಿಗೆ, ತಿಂಡಿಯಾದ ಮೇಲೆ ತೆಗೆದುಕೊಳ್ಳಿ. ನಮ್ಮದೇ ಕಾರ್ಟಿಸೋಲ್ ಏರುವುದೂ ಬೆಳಗಿನ ಜಾವ, ತೀರಾ ಇಳಿಯುವುದು ನಡುರಾತ್ರಿ. ರಾತ್ರಿ ನುಂಗಿದರೆ ನಿದ್ದೆ ಹಾಳಾಗುತ್ತದೆ. ಬೆಳಗಿನ ಜಾವ ಪಿಟ್ಯುಟರಿ ಕಳಿಸುವ ಸಂದೇಶವೂ ನಿಂತು ಅಡ್ರಿನಲ್ ಬೇಗ ಸೋಮಾರಿಯಾಗುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮಾರನೇ ದಿನ ಎರಡು ಸೇರಿಸಿ ನುಂಗಬೇಡಿ.

ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಮಾತ್ರೆಯನ್ನು ಸ್ವಂತವಾಗಿ ಜೊತೆಗೆ ಸೇರಿಸಿದರೆ ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಏರುತ್ತದೆ. ಕಪ್ಪು ಮಲ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕೆಮ್ಮಿನ ಕಷಾಯಕ್ಕೆ ಹಾಕುವ ಅತಿಮಧುರ, ಅಂದರೆ ಜ್ಯೇಷ್ಠಮಧುವನ್ನೂ ದಿನಗಟ್ಟಲೆ ಕುಡಿಯಬೇಡಿ. ಮೂತ್ರಪಿಂಡದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಕಾರ್ಟಿಸೋಲೇ ಆಲ್ಡೋಸ್ಟೀರಾನ್‌ನಂತೆ ಕೆಲಸಮಾಡಿ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಇದರ ಉಲ್ಟಾ ತೊಂದರೆ: ರಿಫಾಂಪಿಸಿನ್ ಪ್ರೆಡ್ನಿಸೊಲೋನನ್ನು ಬೇಗ ಕರಗಿಸಿಬಿಡುವುದರಿಂದ ಡೋಸ್ ಸಾಲದೆ ಹೋಗುತ್ತದೆ. ಎರಡೂ ಕಡೆಯ ಚೀಟಿಗಳನ್ನು ಎರಡೂ ಕಡೆ ತೋರಿಸಲೇಬೇಕು.

ಹೆಜ್ಜೆ 3: ಶುರುವಿನಲ್ಲೇ ಆಗಬೇಕಾದ ತಪಾಸಣೆ

ಬಿಪಿ, ತೂಕ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಎದೆಯ ಎಕ್ಸ್‌ರೇ, ಕಣ್ಣಿನ ಒತ್ತಡ – ಇಷ್ಟು ಮೊದಲ ತಿಂಗಳಲ್ಲೇ ಆಗಿರಲಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಇವುಗಳ ಬಗ್ಗೆ ಕೇಳಿದರೆ ಸರಿಯಾದ ವಿಭಾಗಕ್ಕೆ ಕಳಿಸುತ್ತಾರೆ.

ನೀರಾವರಿ ಗದ್ದೆಯಲ್ಲಿ ಬರಿಗಾಲಲ್ಲಿ ನಾಟಿ, ಕಳೆ ಕೆಲಸ ಮಾಡಿದವರು ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಸ್ಟ್ರಾಂಗೈಲಾಯ್ಡಿಸ್ ಎಂಬ ಸಣ್ಣ ಹುಳು ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಹೊಕ್ಕು ವರ್ಷಗಟ್ಟಲೆ ಸದ್ದಿಲ್ಲದೆ ಕರುಳಲ್ಲಿ ಇದ್ದುಬಿಡಬಲ್ಲದು. ಸ್ಟೀರಾಯ್ಡ್ ಶುರುವಾದರೆ ಅದು ಹದ್ದುಮೀರಿ ಬೆಳೆದು ಶ್ವಾಸಕೋಶ, ರಕ್ತಕ್ಕೆ ಹರಡಿ ಪ್ರಾಣಕ್ಕೆ ಎರವಾಗುವುದುಂಟು. ಮೊದಲೇ ಗೊತ್ತಾದರೆ ಐವರ್‌ಮೆಕ್ಟಿನ್ ಮಾತ್ರೆಯಲ್ಲಿ ಮುಗಿಯುವ ಕೆಲಸ. ಮಂಡ್ಯ ಜಿಲ್ಲೆಯಂಥ ಭತ್ತದ ಸೀಮೆಯಲ್ಲಿ ಈ ಪ್ರಶ್ನೆ ಪ್ರತಿ ರೋಗಿಗೂ ಕೇಳಬೇಕಾದದ್ದು.

ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು, ಎರಡು ವಾರ ಅಥವಾ ಹೆಚ್ಚು ತೆಗೆದುಕೊಂಡವರು ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವ ಲಸಿಕೆ ಹಾಕಿಸಿಕೊಳ್ಳಬಾರದು. ಫ್ಲೂ, ನ್ಯುಮೋಕಾಕಸ್ ಲಸಿಕೆಗೆ ತೊಂದರೆಯಿಲ್ಲ. ಮನೆಯಲ್ಲೋ ಪಕ್ಕದಲ್ಲೋ ಯಾರಿಗಾದರೂ ಅಮ್ಮ, ಅಂದರೆ ಸೀತಾಳೆ ಸಿಡುಬು ಆಗಿದ್ದರೆ, ನಿಮಗೆ ಹಿಂದೆ ಸೀತಾಳೆ ಬಂದಿರದಿದ್ದರೆ, ಗುಳ್ಳೆ ಏಳುವವರೆಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ.

ಹೆಜ್ಜೆ 4: ತಟ್ಟೆಯಲ್ಲಿ ಪ್ರೋಟೀನ್

ನಿಧಾನವಾಗಿ ಓದಬೇಕಾದ ಭಾಗ ಇದು. ಒಡೆಯುವ ಕೆಲಸ ಜೋರಾಗಿದ್ದಾಗ ಕಟ್ಟುವ ಸಾಮಾನು ದಿನವೂ ಸಿಗಬೇಕು. ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಲೆಕ್ಕ ಇಟ್ಟುಕೊಳ್ಳಿ. 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಕಿಡ್ನಿ ಕಾಯಿಲೆಗೇ ಸ್ಟೀರಾಯ್ಡ್ ನುಂಗುತ್ತಿರುವವರು, ಕ್ರಿಯಾಟಿನಿನ್ ಏರಿರುವವರು ಈ ಅಂಕಿಯನ್ನು ತಮ್ಮ ಕಿಡ್ನಿ ವೈದ್ಯರಿಂದಲೇ ಬರೆಸಿಕೊಳ್ಳಬೇಕು.

ನಮ್ಮ ಸೀಮೆಯ ಊಟದಲ್ಲಿ ಒಂದು ಎಡವಟ್ಟು ಕಣ್ಣಿಗೆ ಬೀಳದೆ ನಡೆಯುತ್ತದೆ. ಬಸ್ಸಾರಿಗೆ, ಉಪ್ಸಾರಿಗೆ ಕಾಳು-ಸೊಪ್ಪು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಹಸಿವು ಜಾಸ್ತಿಯಾದ ರೋಗಿ ಎರಡು ಮುದ್ದೆಯನ್ನು ಆ ಸಾರಲ್ಲೇ ನುಂಗಿ ಎದ್ದುಬಿಡುತ್ತಾರೆ, ಪಲ್ಯ ತಟ್ಟೆಯ ಅಂಚಿನಲ್ಲಿ ಎರಡು ಚಮಚ. ಪ್ರೋಟೀನ್ ಬಹುಪಾಲು ಉಳಿದಿರುವುದು ಆ ಕಾಳಿನಲ್ಲಿ. ಆದ್ದರಿಂದ ಮುದ್ದೆ ಒಂದು ಸಾಕು, ಪಲ್ಯ ಒಂದು ಬಟ್ಟಲು ಇರಲಿ. ಇನ್ನೂ ವಾಸಿ ಎಂದರೆ ಕಾಳನ್ನು ಬಸಿಯದೆ ಸಾರಲ್ಲೇ ಬಿಡುವ ಮೊಳಕೆ ಹುರುಳಿ ಸಾರು, ಅವರೆಕಾಳು ಸಾರು.

60 ಕಿಲೋ ತೂಕದವರಿಗೆ ಒಂದು ದಿನದ ಲೆಕ್ಕ ಹೀಗೆ ಕೂಡುತ್ತದೆ. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ 12 ಗ್ರಾಂ, ಜೊತೆಗೆ ಎರಡು ದೋಸೆ ಅಥವಾ ರೊಟ್ಟಿ 4 ಗ್ರಾಂ. ಮೊಟ್ಟೆ ತಿನ್ನದವರಿಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಅದೇ 12 ಗ್ರಾಂ ಕೊಡುತ್ತದೆ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ರಾಗಿ ಮುದ್ದೆ 7 ಗ್ರಾಂ, 40 ಗ್ರಾಂ ಹುರುಳಿಯ ಸಾರು 9 ಗ್ರಾಂ, ಒಂದು ಬಟ್ಟಲು ಮೊಸರು 5 ಗ್ರಾಂ. ಸಂಜೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಬೀಜ, 25-30 ಗ್ರಾಂ, ಅದರಲ್ಲಿ 6 ಗ್ರಾಂ. ರಾತ್ರಿ 75 ಗ್ರಾಂ ಅಕ್ಕಿಯ ಅನ್ನ 6 ಗ್ರಾಂ, 30 ಗ್ರಾಂ ತೊಗರಿಬೇಳೆ 6 ಗ್ರಾಂ, ಮಲಗುವ ಮೊದಲು ಒಂದು ಲೋಟ ಹಾಲು 6 ಗ್ರಾಂ. ಒಟ್ಟು 61. ಕೋಳಿ, ಮೀನು ಮಾಡಿದ ದಿನ 100 ಗ್ರಾಂ ತುಂಡಿನಿಂದಲೇ 20 ಗ್ರಾಂಗೆ ಮೋಸವಿಲ್ಲ, ಅಂದು ಕಾಳು ಕಡಿಮೆಯಾದರೂ ನಡೆಯುತ್ತದೆ.

ಒಂದೇ ಹೊತ್ತಿಗೆ ಎಲ್ಲ ತಿನ್ನುವ ಬದಲು ಮೂರು ಹೊತ್ತಿಗೂ ಹಂಚುವುದು ಮಾಂಸಖಂಡಕ್ಕೆ ಒಳ್ಳೆಯದು. ಹಾಗೆಯೇ ಅನ್ನ, ಮುದ್ದೆಯನ್ನು ಪೂರ್ತಿ ಬಿಟ್ಟು ಉಪವಾಸ ಬೀಳುವುದೂ ತಪ್ಪು. ಶಕ್ತಿಗೆ ಬೇರೇನೂ ಸಿಗದಿದ್ದರೆ ತಿಂದ ಪ್ರೋಟೀನೂ ಸಕ್ಕರೆಯಾಗಿ ಉರಿದುಹೋಗುತ್ತದೆ. ಏಕಾದಶಿ, ಸೋಮವಾರ, ಶನಿವಾರ ಒಪ್ಪೊತ್ತು ಇರುವವರು ಮಾತ್ರೆ ಇರುವಷ್ಟು ಕಾಲ ಹಾಲು, ಮೊಸರು, ಕಡಲೆಬೀಜದ ಫಲಾಹಾರಕ್ಕೆ ಬದಲಾಗಿ. ದೇವರು ಬೇಡವೆನ್ನುವುದಿಲ್ಲ.

ಹೆಜ್ಜೆ 5: ಕಾಲಿನ ಬಲ ಅಳೆಯಿರಿ, ಬೆಳೆಸಿರಿ

ಸ್ಟೀರಾಯ್ಡ್ ಮೊದಲು ಕೈಹಾಕುವುದು ಸೊಂಟ, ತೊಡೆ, ಭುಜದ ಸುತ್ತಲಿನ ದೊಡ್ಡ ಮಾಂಸಖಂಡಗಳಿಗೆ. ಅವುಗಳಲ್ಲೂ ಥಟ್ಟನೆ ಬಲ ಹಾಕುವ ಬಿಳಿ ಎಳೆಗಳು ಹೆಚ್ಚು ಸೊರಗುತ್ತವೆ. ಆದ್ದರಿಂದ ಸಮತಟ್ಟಿನಲ್ಲಿ ನಡೆಯುವಾಗ ಏನೂ ಗೊತ್ತಾಗುವುದಿಲ್ಲ. ಬಸ್ಸಿನ ಮೊದಲ ಮೆಟ್ಟಿಲು ಹತ್ತುವಾಗ ಕಂಬಿ ಎಳೆದುಕೊಂಡೇ ಏರಬೇಕಾಗುವುದು, ಇಂಡಿಯನ್ ಶೌಚಾಲಯದಲ್ಲಿ ಗೋಡೆ ಹಿಡಿದು ಏಳುವುದು, ಅಟ್ಟದ ಡಬ್ಬ ಇಳಿಸಲು, ಜಡೆ ಹಾಕಿಕೊಳ್ಳಲು ಕೈ ಮೇಲೆತ್ತಿ ನಿಲ್ಲಿಸಲಾಗದಿರುವುದು – ಇವು ಸುಳಿವು. ನೋವಿರುವುದಿಲ್ಲ. ಮಾಂಸಖಂಡದ ಹಾನಿ ತೋರಿಸುವ ರಕ್ತದ ಸಿಪಿಕೆ ಪರೀಕ್ಷೆ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ರಿಪೋರ್ಟ್ ನಾರ್ಮಲ್ ಎಂದು ಸುಮ್ಮನಾಗಬೇಡಿ. ನೋವೂ ಇದ್ದು ಸಿಪಿಕೆ ಏರಿದ್ದರೆ ಅದು ಬೇರೆ ಕಾಯಿಲೆ, ಬೇರೆ ಚಿಕಿತ್ಸೆ.

ಅಳೆಯುವ ಬಗೆ: ಕೈ ಇಲ್ಲದ, ಅಲುಗಾಡದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು, ಪೂರ್ತಿ ಕೂತು ಮಾಡಿ. ಪಕ್ಕದಲ್ಲೊಬ್ಬರು ಮೊಬೈಲ್‌ನಲ್ಲಿ ಸಮಯ ನೋಡಲಿ. ಮಾತ್ರೆ ಶುರುವಾದ ವಾರವೇ ಒಮ್ಮೆ ಬರೆದಿಟ್ಟುಕೊಂಡು ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಲಿಸಿ. 15 ಸೆಕೆಂಡು ದಾಟಿದರೆ, ಅಥವಾ ಮೊದಲಿಗಿಂತ ಪ್ರತಿ ಸಲವೂ ಹೆಚ್ಚುತ್ತಾ ಹೋದರೆ, ಆ ಹಾಳೆಯನ್ನು ವೈದ್ಯರ ಮುಂದೆ ಇಡಿ. ಡೋಸ್ ಇಳಿಸಲು, ಇನ್ನೊಂದು ಔಷಧಿ ಸೇರಿಸಿ ಸ್ಟೀರಾಯ್ಡ್ ತಗ್ಗಿಸಲು ಅವರಿಗೆ ಅದು ಗಟ್ಟಿ ಆಧಾರ.

ವ್ಯಾಯಾಮಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ವಾಕಿಂಗ್ ಮಾತ್ರ ಸಾಲದು. ನಡಿಗೆ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಆದರೆ ಮಾಂಸಖಂಡ ಬೆಳೆಯಲು ಭಾರದ ಎದುರು ಕೆಲಸ ಬೇಕು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ: ಕುರ್ಚಿಯಿಂದ ಎದ್ದು ಕೂರುವುದು 8-10 ಸಲ, ಗೋಡೆಗೆ ಕೈಯೂರಿ ದಂಡ 8-10, ಕಿಟಕಿ ಕಂಬಿ ಹಿಡಿದು ಹಿಮ್ಮಡಿ ಎತ್ತುವುದು 10-15, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಮಡಚಿ ಭುಜದ ಮೇಲಕ್ಕೆ ಎತ್ತುವುದು 8-10. ಇಷ್ಟು ಒಂದು ಸುತ್ತು, ನಡುವೆ ಎರಡು ನಿಮಿಷ ಬಿಟ್ಟು ಇನ್ನೊಂದು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಉಸಿರು ಕಟ್ಟಿ ಮುಕ್ಕಿರಿಯಬಾರದು. ಸುಲಭವಾದಾಗ ಇನ್ನೂ ತಗ್ಗಿನ ಕುರ್ಚಿ, ಎರಡು ಲೀಟರ್ ಬಾಟಲಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲ ಹರಕೆಯನ್ನು ಡೋಸ್ ಇಳಿದು ಕಾಲು ಗಟ್ಟಿಯಾಗುವವರೆಗೆ ಮುಂದಕ್ಕೆ ಹಾಕಿ. ಹತ್ತುವುದಕ್ಕಿಂತ ಇಳಿಯುವಾಗ ತೊಡೆ ಕೈಕೊಟ್ಟು ಬೀಳುವ ಭಯ ಹೆಚ್ಚು.

ತೊಡೆಸಂದಿಯಲ್ಲಿ ನೋವು ಬಂದು ಕುಂಟುವಂತಾದರೆ ವ್ಯಾಯಾಮ ನಿಲ್ಲಿಸಿ. ಸೊಂಟದ ಕೀಲಿನ ಚೆಂಡಿಗೆ ರಕ್ತ ಸಂಚಾರ ನಿಂತು ಮೂಳೆ ಸಾಯುವುದು ಸ್ಟೀರಾಯ್ಡ್‌ನ ಇನ್ನೊಂದು ಪರಿಣಾಮ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗಬಹುದು, ಎಂಆರ್‌ಐ ಬೇಕು.

ಕಳೆದ ಬಲ ಮರಳಿ ಬರುತ್ತದೆ. ಡೋಸ್ ಇಳಿದ ಮೇಲೆ ವಾರಗಳಿಂದ ತಿಂಗಳುಗಳು ಹಿಡಿಯುತ್ತದೆ. ಊಟ, ವ್ಯಾಯಾಮ ಎರಡೂ ಇದ್ದವರಲ್ಲಿ ಬೇಗ.

ಹೆಜ್ಜೆ 6: ಮೂಳೆ ಮತ್ತು ಚರ್ಮ

ಮೂಳೆಯ ಚೌಕಟ್ಟು ಕೂಡ ಕೊಲ್ಲಾಜೆನ್ ಎಂಬ ಪ್ರೋಟೀನೇ. ಸ್ಟೀರಾಯ್ಡ್ ಅದನ್ನು ಕಟ್ಟುವ ಕಣಗಳನ್ನು ಕುಗ್ಗಿಸುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಹೆಚ್ಚಿಸುತ್ತದೆ. ಸವೆತ ಜೋರಾಗಿರುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೆ ನೋಡೋಣ ಎನ್ನುವಷ್ಟರಲ್ಲಿ ಬೆನ್ನುಮೂಳೆಯ ಮಣಿ ಕುಸಿದಿರುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲದ ಚಿಕಿತ್ಸೆ ಎಂದು ಗೊತ್ತಾದ ದಿನವೇ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿ.

ದಿನಕ್ಕೆ 1000-1200 ಮಿಲಿಗ್ರಾಂ ಕ್ಯಾಲ್ಸಿಯಂ, 600-800 ಯೂನಿಟ್ ವಿಟಮಿನ್ ಡಿ ಗುರಿ. ರಾಗಿ ಇಲ್ಲಿ ಕೈಹಿಡಿಯುತ್ತದೆ: ಮೇಲೆ ಹೇಳಿದ ಒಂದು ಮುದ್ದೆಯಲ್ಲಿ 350 ಮಿಲಿಗ್ರಾಂ ಆಸುಪಾಸು, ಹಾಲು-ಮೊಸರಿನಲ್ಲಿ ಸುಮಾರು 400, ಹುರುಳಿಯಲ್ಲಿ 100. ಉಳಿದದ್ದಕ್ಕೆ ವೈದ್ಯರು ಬರೆದ ಮಾತ್ರೆ. ಮೂಳೆ ಸವೆತ ತಡೆಯುವ ಅಲೆಂಡ್ರೋನೇಟ್ ವಾರಕ್ಕೊಂದು ಮಾತ್ರೆ ಬರೆದಿದ್ದರೆ ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಿ ಇಲ್ಲವೇ ನಡೆದಾಡಿ. ಅಲ್ಲಿಯವರೆಗೆ ಕಾಫಿಯೂ ಇಲ್ಲ. ಕಾಫಿಯ ಜೊತೆ ಹೋದರೆ ಔಷಧಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮಲಗಿಬಿಟ್ಟರೆ ಅನ್ನನಾಳ ಹುಣ್ಣಾಗುತ್ತದೆ. ಸೊಂಟ ಬಗ್ಗಿಸಿ ಕಬ್ಬಿನ ಹೊರೆ, ಭತ್ತದ ಮೂಟೆ ಎತ್ತುವುದನ್ನು ಈ ಕಾಲದಲ್ಲಿ ಇನ್ನೊಬ್ಬರಿಗೆ ಬಿಡಿ.

ಚರ್ಮದ ಕೊಲ್ಲಾಜೆನ್ ತೆಳುವಾದಾಗ ಮುಂಗೈಯಲ್ಲಿ ಬಳೆ ತಗುಲಿದರೂ ನೇರಳೆ ಕಲೆ ಏಳುತ್ತದೆ, ಹೊಟ್ಟೆ-ತೊಡೆಯಲ್ಲಿ ಕೆನ್ನೀಲಿ ಬಿರುಕು ಮೂಡುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಡ್ರೆಸಿಂಗ್‌ನ ಅಂಟುಪಟ್ಟಿಯನ್ನು ಕೀಳುವ ಮೊದಲು ಕೊಬ್ಬರಿ ಎಣ್ಣೆ ಸವರಿ ಬಿಡಿಸಿ, ಇಲ್ಲದಿದ್ದರೆ ಚರ್ಮವೇ ಸುಲಿದು ಬರುತ್ತದೆ.

ಹುಳುಕಡ್ಡಿಗೆಂದು ಮೆಡಿಕಲ್ ಸ್ಟೋರ್‌ನಿಂದ ಕೇಳಿ ತರುವ ಮಿಶ್ರ ಕ್ರೀಮುಗಳಲ್ಲೂ ಕ್ಲೋಬೆಟಸೋಲ್, ಬೆಟಾಮಿಥಾಸೋನ್ ಎಂಬ ಸ್ಟೀರಾಯ್ಡ್‌ಗಳು ಇರುತ್ತವೆ. ನವೆ ಎರಡೇ ದಿನಕ್ಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೇ ಹರಡುತ್ತದೆ, ಚರ್ಮ ಕಾಗದದಂತಾಗುತ್ತದೆ. ಮುಖಕ್ಕೆ, ತೊಡೆಸಂದಿಗೆ ಇದನ್ನು ಹಚ್ಚಲೇಬಾರದು. ವೈದ್ಯರು ಬರೆದ ಸ್ಟೀರಾಯ್ಡ್ ಕ್ರೀಮಿಗೂ ಅಳತೆ ಇದೆ: ತೋರುಬೆರಳಿನ ತುದಿಗೆಣ್ಣಿನಷ್ಟು ಉದ್ದ ಹಿಂಡಿದರೆ ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಉಬ್ಬಸದ ಇನ್‌ಹೇಲರ್ ಬಗ್ಗೆ ಇಷ್ಟು ಭಯ ಬೇಡ, ಅಲ್ಲಿ ಡೋಸ್ ಮೈಕ್ರೋಗ್ರಾಂ ಲೆಕ್ಕ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಹೆಜ್ಜೆ 7: ಸಕ್ಕರೆ, ಉಪ್ಪು, ಜ್ವರ

ಬೆಳಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ನೋಡಿದರೆ 95 ಬಂದು ಎಲ್ಲ ಸರಿಯಿದೆ ಅನ್ನಿಸುತ್ತದೆ, ಅದೇ ದಿನ ಸಂಜೆ 260 ಇರಬಹುದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ, ರಾತ್ರಿ ಊಟಕ್ಕೆ ಮುಂಚೆ ನೋಡಿ. ಮತ್ತೆ ಮತ್ತೆ 200 ದಾಟಿದರೆ ವೈದ್ಯರಿಗೆ ತಿಳಿಸಿ. ಮಂಡ್ಯದ ಬೆಲ್ಲವೂ ಸಕ್ಕರೆಯೇ, ಅದರಲ್ಲಿ ರಿಯಾಯಿತಿ ಇಲ್ಲ. ಉಪ್ಪು ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಲೆಕ್ಕಕ್ಕೆ ಸೇರಿಸಿ.

ಸ್ಟೀರಾಯ್ಡ್‌ನಲ್ಲಿರುವವರಿಗೆ ಸೋಂಕು ತಗುಲಿದಾಗ ಜ್ವರ ಜೋರಾಗಿ ಬರದೇ ಹೋಗಬಹುದು. ಮತ್ತೊಂದೆಡೆ, ಸೋಂಕೇ ಇಲ್ಲದೆ ಬಿಳಿ ರಕ್ತಕಣಗಳ ಎಣಿಕೆ ಏರಿರುತ್ತದೆ. ಆದ್ದರಿಂದ ಥರ್ಮಾಮೀಟರ್ ಒಂದನ್ನೇ, ರಿಪೋರ್ಟ್ ಒಂದನ್ನೇ ನಂಬದೆ ಸುಸ್ತು, ಹಸಿವಿಲ್ಲದಿರುವುದು, ಹೊಸ ಕೆಮ್ಮು, ಹೊಟ್ಟೆನೋವನ್ನೂ ಗಮನಿಸಬೇಕು. ಮಕ್ಕಳಾದರೆ ಮೂರು ತಿಂಗಳಿಗೊಮ್ಮೆ ಎತ್ತರ ಅಳೆದು ಗೋಡೆಯ ಮೇಲಲ್ಲ, ಪುಸ್ತಕದಲ್ಲಿ ತಾರೀಕು ಹಾಕಿ ಬರೆಯಿರಿ.

ಹೆಸರಿಲ್ಲದ ಪುಡಿಗಳು

ಸಂತೆಯಲ್ಲೋ, ಮನೆ ಬಾಗಿಲಿಗೋ ಬರುವ ಮಂಡಿನೋವಿನ, ಉಬ್ಬಸದ ಪುಡಿ ಎರಡೇ ದಿನದಲ್ಲಿ ನೋವು ಮಾಯ ಮಾಡಿದರೆ, ಹಸಿವು ವಿಪರೀತ ಏರಿದರೆ, ತಿಂಗಳೊಳಗೆ ಮುಖ ಊದಿದರೆ, ಬಿಟ್ಟ ಕೂಡಲೇ ನೋವು ಇಮ್ಮಡಿಯಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಬಲವಾಗಿ ಪಡಬೇಕು. ಡೋಸ್ ಎಷ್ಟೆಂದು ಯಾರಿಗೂ ಗೊತ್ತಿರದ ಸ್ಟೀರಾಯ್ಡ್ ಅದು. ಸಿಟ್ಟಿನಲ್ಲಿ ಅಂದೇ ಎಸೆಯಬೇಡಿ. ಪೊಟ್ಟಣದ ಸಮೇತ ವೈದ್ಯರ ಬಳಿ ಹೋಗಿ, ಎಷ್ಟು ತಿಂಗಳು ತಿಂದಿರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಕಾರಣ ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 8: ಇಳಿಸುವುದು

ಹೊರಗಿನಿಂದ ಹಾರ್ಮೋನು ಧಾರಾಳವಾಗಿ ಬರುತ್ತಿದ್ದರೆ ಪಿಟ್ಯುಟರಿ ಸಂದೇಶ ಕಳಿಸುವುದನ್ನು ನಿಲ್ಲಿಸುತ್ತದೆ, ಅಡ್ರಿನಲ್ ಗ್ರಂಥಿ ಕೆಲಸವಿಲ್ಲದೆ ಸೊರಗುತ್ತದೆ. ಮೂರು-ನಾಲ್ಕು ವಾರ ಮೀರಿ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ದೇಹಕ್ಕೆ ಬೇಕಾದ 10 ಮಿಲಿಗ್ರಾಂ ಕಾರ್ಟಿಸೋಲ್ ಕೂಡ ಇರುವುದಿಲ್ಲ. ಮೊದಲು ಆಯಾಸ, ಮೈಕೈ ನೋವು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು. ಅಂಥ ಹೊತ್ತಿನಲ್ಲಿ ಜ್ವರವೋ ವಾಂತಿಭೇದಿಯೋ ಸೇರಿಕೊಂಡರೆ ಬಿಪಿ ಕುಸಿದು, ಸಕ್ಕರೆ ಇಳಿದು, ಪ್ರಜ್ಞೆ ತಪ್ಪುತ್ತದೆ. ಅಡ್ರಿನಲ್ ಗ್ರಂಥಿಯೇ ಹಾಳಾಗುವ ಅಡಿಸನ್ ಕಾಯಿಲೆಯವರಲ್ಲಿ ಕಾಣುವ ಚರ್ಮದ ಕಪ್ಪು ಬಣ್ಣ ಇವರಲ್ಲಿ ಇರುವುದಿಲ್ಲ. ಅದನ್ನೇ ಹುಡುಕುತ್ತಾ ಕೂತರೆ ರೋಗ ತಪ್ಪಿಹೋಗುತ್ತದೆ.

ಇಳಿಸುವ ವೇಗವನ್ನು ಮೂಲ ಕಾಯಿಲೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಮೇಲಿನ ಡೋಸ್‌ಗಳಲ್ಲಿ ಬೇಗ ಬೇಗ ಇಳಿದು, 7.5 ಮಿಲಿಗ್ರಾಂ ಕೆಳಗೆ ಬಹಳ ನಿಧಾನ ಮಾಡುವುದು ವಾಡಿಕೆ. "ಇನ್ನೇನು ಅರ್ಧ ಮಾತ್ರೆ ಉಳಿದಿದೆ, ಬಿಟ್ಟರಾಯಿತು" ಎನ್ನುವ ಆ ಕೊನೆಯ ಹಂತದಲ್ಲೇ ಗ್ರಂಥಿ ಎಚ್ಚರಗೊಳ್ಳಲು ಸಮಯ ಬೇಕು. ಅನುಮಾನವಿದ್ದರೆ ಬೆಳಗ್ಗೆ 8ರಿಂದ 9ರ ನಡುವೆ ರಕ್ತದ ಕಾರ್ಟಿಸೋಲ್ ನೋಡುತ್ತಾರೆ. ಹಿಂದಿನ ಮಾತ್ರೆಯಾಗಿ 24 ಗಂಟೆ ಕಳೆದಿರಬೇಕು, ಅಂದಿನದನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಇಲ್ಲದಿದ್ದರೆ ಪ್ರೆಡ್ನಿಸೊಲೋನನ್ನೇ ಯಂತ್ರ ಕಾರ್ಟಿಸೋಲ್ ಎಂದು ಓದಿಬಿಡುತ್ತದೆ. ಪ್ರತಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ದಾಟಿದ್ದರೆ ಗ್ರಂಥಿ ಎದ್ದಿದೆ ಎಂದು ಲೆಕ್ಕ, 5ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಮುಂದುವರಿಯಬೇಕು, ನಡುವೆ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಜ್ವರ ಬಂದಾಗ ಮಾತ್ರೆ ಎಷ್ಟು, ಎಷ್ಟು ದಿನ ಎನ್ನುವುದನ್ನು ಆರೋಗ್ಯವಾಗಿರುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆ ಡೋಸ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಎರಡು-ಮೂರು ದಿನ ಇಮ್ಮಡಿ ಮಾಡಿಸುತ್ತಾರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಮನೆಯಲ್ಲಿ ಕಾಯಬಾರದು, 108ಕ್ಕೆ ಕರೆಮಾಡಿ. ಅಲ್ಲಿ ಬೇಕಾಗುವುದು 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್. ಹಲ್ಲು ಕೀಳಿಸುವುದಿರಲಿ, ಕಣ್ಣಿನ ಆಪರೇಷನ್ ಇರಲಿ, ಮೊದಲೇ ಹೇಳಬೇಕು.

ಪರ್ಸಿನಲ್ಲಿ ಒಂದು ಕಾರ್ಡ್ ಇಡಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: "ನಾನು ಸ್ಟೀರಾಯ್ಡ್ ಮಾತ್ರೆಯಲ್ಲಿದ್ದೇನೆ, ನಿಲ್ಲಿಸಬಾರದು." ಕೆಳಗೆ ಮಾತ್ರೆಯ ಹೆಸರು, ಡೋಸ್, ಶುರುವಾದ ತಾರೀಕು, ಕಾಯಿಲೆ, ವೈದ್ಯರ ಮತ್ತು ಮನೆಯವರ ಫೋನ್ ನಂಬರ್. ಅದರ ಫೋಟೋ ಮನೆಯವರೆಲ್ಲರ ಮೊಬೈಲ್‌ನಲ್ಲೂ ಇರಲಿ. ಮಾತ್ರೆ ಪೂರ್ತಿ ನಿಂತ ಮೇಲೆ ನಿಂತ ತಾರೀಕನ್ನೂ ಅದೇ ಕಾರ್ಡಿನಲ್ಲಿ ಬರೆದು ಇನ್ನೂ ಒಂದು ವರ್ಷ ಜೊತೆಗಿಟ್ಟುಕೊಳ್ಳಿ, ಗ್ರಂಥಿ ಪೂರ್ತಿ ಚೇತರಿಸಿಕೊಳ್ಳಲು ಅಷ್ಟು ಕಾಲ ಹಿಡಿಯುವುದುಂಟು.